ನಡುವಿನ ಕಪಾಟು

ರಾಮತೀರ್ಥ ನಗರ ಬೆಳಗಾವಿಯ ಉತ್ತರಕ್ಕೆ, ಕಣಬರ್ಗಿಯ ಮಗ್ಗುಲಲ್ಲಿ ಬೆಳೆದ ಬಡಾವಣೆ. ಬೈಲಹೊಂಗಲ, ಸವದತ್ತಿ, ಗೋಕಾಕ, ಖಾನಾಪುರ ಕಡೆಯಿಂದ ನೌಕರಿಗೆಂದು ಬಂದು ಮನೆ ಕಟ್ಟಿಸಿದ ಕುಟುಂಬಗಳು ಇಲ್ಲಿವೆ. ಇಲ್ಲಿಯ ಮಗು ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಓಣಿಯ ಆಟದಲ್ಲಿ ಮರಾಠಿಗೆ ಹೊರಳುತ್ತದೆ, ಗೆಳೆಯರ ಮನೆಯಲ್ಲಿ ಉರ್ದು ಕೇಳುತ್ತದೆ, ಶಾಲೆಯಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರೆಯುತ್ತದೆ. ಅಂಥ ಮಗು ಗ್ರಂಥಾಲಯದ ಬಾಗಿಲಲ್ಲಿ ನಿಂತು ‘ಟೀಚರ್, ಯಾವುದರೆ ಛಲೋ ಪುಸ್ತಕ ಕೊಡ್ರಿ’ ಎಂದಾಗ ಗ್ರಂಥಪಾಲಕಿಯ ಕೈ ಯಾವ ಪುಸ್ತಕದ ಕಡೆ ಹೋಗಬೇಕು? ಈ ದತ್ತಿ ಉಪನ್ಯಾಸ ಎತ್ತಿಕೊಂಡಿರುವುದು ಈ ಒಂದು ಪ್ರಶ್ನೆಯನ್ನು. ಅದಕ್ಕೆ ಉತ್ತರ ಗ್ರಂಥಾಲಯದ ದಾಸ್ತಾನು ವಹಿಯಲ್ಲಿ ಸಿಗುವುದಿಲ್ಲ. ಗ್ರಂಥಪಾಲಕರು ಈಚೆಗೆ ತಾವೇ ಏನು ಓದಿದ್ದಾರೆ ಎಂಬುದರಲ್ಲಿ ಸಿಗುತ್ತದೆ.

ಬೆಳಗಾವಿಗೆ ಗ್ರಂಥಾಲಯ ಹೊಸದೇನಲ್ಲ. ಇಲ್ಲಿ 1848ರಷ್ಟು ಹಿಂದೆಯೇ ಜನರಲ್ ಲೈಬ್ರರಿ ಆರಂಭವಾಗಿತ್ತು. ಸಾರ್ವಜನಿಕ ವಾಚನಾಲಯ ಎಂದು ಊರಿನವರು ಇಂದಿಗೂ ಗುರುತಿಸುವುದು ಅದನ್ನೇ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ, ಅಂದರೆ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ. ಆದರೆ ದೊಡ್ಡವರಿಗೆ ಇಷ್ಟು ಹಳೆಯ ಓದಿನ ಮನೆಯಿರುವ ಊರಿನಲ್ಲಿಯೂ ಶಾಲೆಯ ಗ್ರಂಥಾಲಯದ ಸ್ಥಿತಿ ರಾಜ್ಯದ ಬೇರೆ ಕಡೆಗಿಂತ ಬೇರೆಯಾಗಿಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪ್ರತ್ಯೇಕ ಗ್ರಂಥಪಾಲಕರ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ಭಾಷೆಯನ್ನೋ ಸಮಾಜ ವಿಜ್ಞಾನವನ್ನೋ ಕಲಿಸುವ ಶಿಕ್ಷಕಿಯ ಹೆಗಲಿಗೆ ಕಪಾಟಿನ ಕೀಲಿಯೂ ಬೀಳುತ್ತದೆ. ಖಾಸಗಿ ಶಾಲೆಗಳಲ್ಲಿ ಹುದ್ದೆ ಇದ್ದರೂ ವರ್ಷದ ಮೊದಲ ತಿಂಗಳು ಪಠ್ಯಪುಸ್ತಕ ಹಂಚುವುದರಲ್ಲಿ, ಕೊನೆಯ ತಿಂಗಳು ದಾಸ್ತಾನು ತಾಳೆ ನೋಡುವುದರಲ್ಲಿ ಕಳೆದುಹೋಗುತ್ತದೆ.

ಇಂಥ ಯಾವುದೇ ಶಾಲೆಯ ಕನ್ನಡ ಕಪಾಟಿನ ಮುಂದೆ ನಿಂತರೂ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಕೆಳಗಿನ ಅಡ್ಡೆಯಲ್ಲಿ ಚಿತ್ರವಿರುವ ಶಿಶುಗೀತೆ, ಪಂಚತಂತ್ರ, ತೆನಾಲಿರಾಮ. ಮೇಲಿನ ಅಡ್ಡೆಯಲ್ಲಿ ಕುವೆಂಪು, ಕಾರಂತ, ಭೈರಪ್ಪನವರ ದಪ್ಪ ಕಾದಂಬರಿ. ನಡುವೆ ರಸಪ್ರಶ್ನೆ, ಪ್ರಬಂಧ ಸಂಗ್ರಹ, ‘ಮಹಾಪುರುಷರು’. ಐದನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ, ಅಂದರೆ ಹತ್ತರಿಂದ ಹದಿನಾಲ್ಕರ ನಡುವಿನ ವಯಸ್ಸಿಗೆ, ಕುಳಿತು ಮುಗಿಸುವಂಥ ಕಥೆ ಅಲ್ಲಿ ಕಡಿಮೆ. ಓದುವ ಚಟ ಹತ್ತುವುದೂ ಈ ವಯಸ್ಸಿನಲ್ಲೇ, ಬಿಟ್ಟುಹೋಗುವುದೂ ಈ ವಯಸ್ಸಿನಲ್ಲೇ. ಎರಡನೆಯ ತರಗತಿಯಲ್ಲಿ ತುತ್ತೂರಿಯ ಪದ್ಯವನ್ನು ಕುಣಿದು ಹೇಳಿದ ಹುಡುಗಿ ಏಳನೆಯ ತರಗತಿಗೆ ಬಂದಾಗ ‘ಕನ್ನಡ ಪುಸ್ತಕ ಬ್ಯಾಡ್ರಿ ಟೀಚರ್’ ಎಂದು ಇಂಗ್ಲಿಷಿನ ಹ್ಯಾರಿ ಪಾಟರ್ ಕಡೆ ತಿರುಗುತ್ತಾಳೆ. ಹ್ಯಾರಿ ಪಾಟರ್ ಓದುವುದು ಒಳ್ಳೆಯದೇ. ಆದರೆ ಅವಳು ಬಿಟ್ಟುಹೋದ ಜಾಗದಲ್ಲಿ ಅವಳ ವಯಸ್ಸಿನ ಕನ್ನಡ ಪುಸ್ತಕವೊಂದನ್ನು ಯಾರೂ ಇಟ್ಟಿರಲಿಲ್ಲ ಎಂಬುದು ದೊಡ್ಡವರ ಲೋಪ.

ಕನ್ನಡದಲ್ಲಿ ಅಂಥ ಪುಸ್ತಕಗಳೇ ಇಲ್ಲ ಎಂಬ ಮಾತು ಈಗ ಸಲ್ಲುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನು ಆರಂಭಿಸಿತು. ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ ಸಂದಿತು. ಮುಂದಿನ ಕೆಲವು ವರ್ಷ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ ಅವರಂಥ ಹಿರಿಯ ಕವಿಗಳ ಒಟ್ಟು ಕೊಡುಗೆಗೆ ಗೌರವ ಸಿಕ್ಕಿತು. ಆಮೇಲೆ ಪಟ್ಟಿಯ ಬಣ್ಣ ಬದಲಾಯಿತು. 2020ರಲ್ಲಿ ಎಚ್.ಎಸ್. ಬ್ಯಾಕೋಡ ಅವರ ‘ನಾನೂ ಅಂಬೇಡ್ಕರ್’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಇವುಗಳಲ್ಲಿ ಮಕ್ಕಳ ಕಾದಂಬರಿಗಳೇ ಮುಂದಿವೆ. 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್ ಬುಕ್’ ಬಂದವು. ನಡುವಿನ ಕಪಾಟು ತುಂಬತೊಡಗಿದೆ. ಅದನ್ನು ಮೊದಲು ಗಮನಿಸಬೇಕಾದವರು ಶಾಲೆಯ ಗ್ರಂಥಪಾಲಕರು.

ಗಮನಿಸುವುದೆಂದರೆ ಪಟ್ಟಿ ನೋಡಿ ಆರ್ಡರ್ ಕೊಡುವುದಷ್ಟೇ ಅಲ್ಲ, ಓದುವುದು. ಪ್ರಶಸ್ತಿ ಬಂದ ಪುಸ್ತಕವೆಲ್ಲ ಎಲ್ಲ ಮಕ್ಕಳಿಗೂ ಹಿಡಿಸುತ್ತದೆಂದಿಲ್ಲ. ದೊಡ್ಡವರ ತೀರ್ಪುಗಾರರ ಸಮಿತಿ ಮೆಚ್ಚಿದ ಮಾತ್ರಕ್ಕೆ ಆರನೆಯ ತರಗತಿಯ ಹುಡುಗ ಮೆಚ್ಚಬೇಕಾಗಿಲ್ಲ. ಗ್ರಂಥಪಾಲಕರು ಓದಿ, ‘ಇದು ಓಡುವ ಕಥೆ ಬೇಕೆನ್ನುವವನಿಗೆ, ಇದು ಒಬ್ಬಳೇ ಮೂಲೆಯಲ್ಲಿ ಕೂತು ಓದುವವಳಿಗೆ’ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಬೇಕು. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡು ಇದೇ ಜೋಡಣೆಯ ಮೇಲೆ ನಿಂತಿವೆ: ಓದುಗನಿಗೆ ತಕ್ಕ ಪುಸ್ತಕ ಹುಡುಕುವುದು, ಪುಸ್ತಕಕ್ಕೆ ತಕ್ಕ ಓದುಗನನ್ನು ಹುಡುಕುವುದು. ಪುಸ್ತಕವನ್ನು ಓದದೆ ಈ ಎರಡನೆಯದನ್ನು ಯಾರೂ ಮಾಡಲಾರರು.

‘ಬಾವಲಿ ಗುಹೆ’ಯನ್ನೇ ತೆಗೆದುಕೊಳ್ಳೋಣ. ಉತ್ತರ ಕನ್ನಡದ ಲೇಖಕರು ಬರೆದ ಈ ಪುಸ್ತಕವನ್ನು ರಾಮತೀರ್ಥ ನಗರದ ಹುಡುಗನಿಗೆ ಹೇಗೆ ಪರಿಚಯಿಸಬೇಕು? ಇಲ್ಲಿಂದ ಬಸ್ಸು ಹತ್ತಿ ಖಾನಾಪುರ ದಾಟಿದರೆ ಭೀಮಗಡದ ಕಾಡು. ಸುಮಾರು 190 ಚದರ ಕಿಲೋಮೀಟರಿನ ಆ ಪ್ರದೇಶ 2011ರಲ್ಲಿ ವನ್ಯಜೀವಿಧಾಮವಾಯಿತು. ಅದರೊಳಗೆ ಬಾರಾಪೇಡೆ ಗುಹೆಗಳಿವೆ. ಅಲ್ಲಿ ವಾಸಿಸುವ ರಾಟನ್ ಬಾವಲಿಗೆ ಮುಖಕ್ಕಿಂತ ದೊಡ್ಡದೆನಿಸುವ ಕಿವಿಗಳು. ಬಾಲ ರೆಕ್ಕೆಯ ಪೊರೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. 1913ರಲ್ಲಿ ವಿಜ್ಞಾನ ಲೋಕಕ್ಕೆ ಈ ಜೀವಿಯ ವಿವರಣೆ ಸಿಕ್ಕಿತು. ಆಮೇಲೆ ದಶಕಗಟ್ಟಲೆ, ಜಗತ್ತಿನಲ್ಲಿ ಇದು ವಾಸಿಸುವ ಜಾಗ ಬಾರಾಪೇಡೆ ಒಂದೇ ಎಂದು ತಿಳಿಯಲಾಗಿತ್ತು. ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡುಬಂದದ್ದು ಬಹಳ ತಡವಾಗಿ. ಈ ಮಾಹಿತಿಯನ್ನು ಎರಡು ನಿಮಿಷ ಹೇಳಿ, ಗುಹೆಯ ದಾರಿಯನ್ನು ಜಿಲ್ಲೆಯ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ, ಆಮೇಲೆ ಪುಸ್ತಕ ಕೈಗೆ ಕೊಟ್ಟರೆ ಮಗುವಿನ ಕಣ್ಣಿನಲ್ಲಿ ಆ ಪುಸ್ತಕ ತನ್ನ ಜಿಲ್ಲೆಯದಾಗುತ್ತದೆ. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಸಂಖ್ಯೆ ಈ ಕೆಲಸ ಮಾಡಲಾರದು.

ಇದೇ ರೀತಿ ಬೊಳುವಾರರ ಗಾಂಧಿ. ಮೋಹನದಾಸನೆಂಬ ಅಂಜುಬುರುಕ ಹುಡುಗ ಬಾಪು ಆದ ಬಗೆಯನ್ನು ಮಕ್ಕಳ ಕಿವಿಗೆ ಇಷ್ಟವಾಗುವ ಹಾಗೆ ಹೇಳಿದ ಪುಸ್ತಕ ಅದು. ಗಾಂಧೀಜಿಯ 150ನೆಯ ವರ್ಷದ ಹೊತ್ತಿಗೆ ಶ್ರೀಪಾದ ಭಟ್ಟರ ನಿರ್ದೇಶನದಲ್ಲಿ ರಂಗರೂಪ ಪಡೆದು ರಾಜ್ಯದ ಊರೂರು ತಿರುಗಿತು. ಗಾಂಧಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ, ಇದೇ ಊರಿನಲ್ಲಿ. ಅದರ ನೆನಪಿಗೆ ಕಟ್ಟಿದ ಟಿಳಕವಾಡಿಯ ವೀರಸೌಧಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಶಾಲೆಗಳು ಹೋಗುವ ಹಿಂದಿನ ವಾರ ಈ ಪುಸ್ತಕದ ಕೆಲವು ಪುಟಗಳನ್ನು ತರಗತಿಯಲ್ಲಿ ಓದಿಸಿದರೆ ಆ ಭೇಟಿಗೆ ಬೇರೆಯದೇ ಅರ್ಥ ಬರುತ್ತದೆ. ‘ನಾನೂ ಅಂಬೇಡ್ಕರ್’ ಕೈಗೆತ್ತಿಕೊಂಡ ಮಗುವಿಗೆ ಹೇಳಬೇಕಾದ್ದು ಇದೇ ಜಿಲ್ಲೆಯ ನಿಪ್ಪಾಣಿಯ ಮಾತು. 1925ರಲ್ಲಿ ಅಲ್ಲಿ ನಡೆದ ಪರಿಷತ್ತಿಗೆ ಅಂಬೇಡ್ಕರ್ ಬಂದಿದ್ದರು. ಸಂಗೊಳ್ಳಿ ರಾಯಣ್ಣನ ಮೇಲಿನ ಯಾವ ಪುಸ್ತಕವಾದರೂ ಸರಿ, ಅವನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಎಂಬುದರಿಂದ ಮಾತು ಶುರುವಾಗಬೇಕು. ರಾಷ್ಟ್ರೋತ್ಥಾನ ಪರಿಷತ್ತು ‘ಭಾರತ-ಭಾರತಿ’ ಮಾಲೆಯಲ್ಲಿ ತಂದ 510 ಪುಟ್ಟ ಜೀವನಚರಿತ್ರೆಗಳು ಇಂಥ ಕುತೂಹಲಕ್ಕೆ ಒಂದು ತಲೆಮಾರಿನ ಮಕ್ಕಳಿಗೆ ಒದಗಿದ್ದವು. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋಗಬಹುದಾದ ಆ ಪುಸ್ತಕಗಳ ದೊಡ್ಡ ಗುಣ ಅವುಗಳ ಗಾತ್ರ. ಒಂದು ಸಂಜೆಗೆ ಒಂದು ಮುಗಿಯುತ್ತಿತ್ತು. ಮುಗಿಸಿದ ಹೆಮ್ಮೆ ಮಗುವನ್ನು ಇನ್ನೊಂದಕ್ಕೆ ಕರೆತರುತ್ತಿತ್ತು.

ಮುಗಿಸುವ ಹೆಮ್ಮೆಯನ್ನು ಪೂರ್ಣಚಂದ್ರ ತೇಜಸ್ವಿಯವರೂ ಬಲ್ಲವರಾಗಿದ್ದರು. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಅವರು ‘ಕಾಡಿನ ಕತೆಗಳು’ ಎಂದು ನಾಲ್ಕು ತೆಳು ಪುಸ್ತಕಗಳಲ್ಲಿ ಕನ್ನಡಕ್ಕೆ ತಂದರು: ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ. ಓದಲು ಬೇಸರ ಎನ್ನುವ ಎಂಟನೆಯ ತರಗತಿಯ ಹುಡುಗರಿಗೆ ಮೊದಲು ಕೊಡಬೇಕಾದ ಪುಸ್ತಕಗಳು ಇವು. ಹೆಸರು ಓದಿಯೇ ಕೈ ಚಾಚುತ್ತಾರೆ. ಅಲ್ಲಿಂದ 1991ರ ‘ಪರಿಸರದ ಕತೆ’ಗೆ, ಅಲ್ಲಿಂದ 1980ರ ‘ಕರ್ವಾಲೊ’ಗೆ ದಾರಿ ಸಲೀಸು. ಮೊದಲೇ ‘ಕರ್ವಾಲೊ’ ಕೊಟ್ಟರೆ ಕೆಲವರು ಮೂವತ್ತು ಪುಟಕ್ಕೆ ನಿಲ್ಲುತ್ತಾರೆ. ‘ಪರಿಸರದ ಕತೆ’ಯ ಕಿವಿ ಎಂಬ ನಾಯಿ, ಮಾರ, ಪ್ಯಾರ ಇವರ ಪರಿಚಯವಾದ ಮೇಲೆ ಮಂದಣ್ಣನ ಜೇನು, ಕರ್ವಾಲೊ ಹುಡುಕುವ ಹಾರುವ ಓತಿ ಎರಡೂ ಆಪ್ತವಾಗುತ್ತವೆ. ಹಾರುವ ಓತಿ ಕಟ್ಟುಕಥೆಯ ಪ್ರಾಣಿಯಲ್ಲ, ಕೇರಳದಿಂದ ಗೋವಾದವರೆಗಿನ ಪಶ್ಚಿಮಘಟ್ಟದ ಮರಗಳಲ್ಲಿ ಇಂದಿಗೂ ತೇಲುತ್ತದೆ ಎಂದು ತಿಳಿದಾಗ ಮಕ್ಕಳ ಮುಖ ನೋಡಬೇಕು. ಅದೇ ಹೊತ್ತಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳನ್ನು ಮೇಜಿನ ಮೇಲೆ ಹರಡಿಟ್ಟರೆ ಅವು ಧೂಳು ತಿನ್ನುತ್ತ ಕೂರುವುದಿಲ್ಲ.

ಕನ್ನಡದಲ್ಲಿ ಮಕ್ಕಳ ಕುತೂಹಲವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಮೊದಲಿಗರಲ್ಲಿ ಶಿವರಾಮ ಕಾರಂತರು ಒಬ್ಬರು. 1936ರಲ್ಲಿ ಅವರು ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದರು. ಇಡೀ ವಿಶ್ವಕೋಶವೇ ಒಬ್ಬರ ದುಡಿಮೆ. ಅದರಲ್ಲಿಯ ಎಷ್ಟೋ ಮಾಹಿತಿ ಈಗ ಹಳತಾಗಿದೆ. ಅದನ್ನು ಇಂದಿನ ಮಗುವಿಗೆ ಉಲ್ಲೇಖ ಗ್ರಂಥವೆಂದು ಕೊಡಬೇಕಾಗಿಲ್ಲ. ಗ್ರಂಥಪಾಲಕರು ಮಾತ್ರ ಅದನ್ನು ಒಮ್ಮೆ ತಿರುವಬೇಕು. ಮಗುವಿನ ಜೊತೆ ತಗ್ಗಿ ಮಾತಾಡದೆ, ಸರಳವಾಗಿ ಮಾತಾಡುವುದು ಹೇಗೆಂಬುದು ಅಲ್ಲಿ ಕಾಣುತ್ತದೆ.

ಐದು, ಆರನೆಯ ತರಗತಿಗೆ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ವೈದ್ಯೆಯಾಗಿದ್ದ ಲೇಖಕಿ ವರ್ಷದ ದಿನಗಳಿಗೆ ಒಂದೊಂದರಂತೆ ಕಥೆ ಕೂಡಿಸಿ 12 ಸಂಪುಟ ಮಾಡಿದರು. ಇದನ್ನು ಸಾಲಾಗಿ ಓದಿಸಬೇಕಾಗಿಲ್ಲ. ಮಗುವಿಗೆ ಅದರ ಹುಟ್ಟಿದ ಹಬ್ಬ ಯಾವಾಗೆಂದು ಕೇಳಿ, ಹುಟ್ಟಿದ ತಿಂಗಳ ಲೆಕ್ಕಕ್ಕೆ ಸಂಪುಟ, ತಾರೀಖಿನ ಲೆಕ್ಕಕ್ಕೆ ಕಥೆ ತೆಗೆದು ಕೊಟ್ಟರೆ ಸಾಕು. ‘ಇದು ನನ್ನ ಕತಿ’ ಎಂದು ಓದಿ ಮುಗಿಸಿ, ಅಕ್ಕನ ಕಥೆ, ಅವ್ವನ ಕಥೆ, ಗೆಳತಿಯ ಕಥೆ ಎಂದು ಮತ್ತೆ ಮತ್ತೆ ಬರುತ್ತದೆ. ಮುಂದಿನ ಬಾರಿ ಜೊತೆಯಲ್ಲಿ ಆ ಗೆಳತಿಯನ್ನೂ ಕರೆತರುತ್ತದೆ.

ಇನ್ನು ‘ತೊತ್ತೋ-ಚಾನ್’. ತೆತ್ಸುಕೋ ಕುರೊಯಾನಾಗಿ 1981ರಲ್ಲಿ ಜಪಾನಿನಲ್ಲಿ ಪ್ರಕಟಿಸಿದ ಈ ಪುಸ್ತಕ ಕನ್ನಡದಲ್ಲಿಯೂ ಇದೆ. ತರಗತಿಯಲ್ಲಿ ಸುಮ್ಮನೆ ಕೂರಲಾರದ ಹುಡುಗಿಯನ್ನು ಮೊದಲ ಶಾಲೆ ಹೊರಗೆ ಕಳಿಸುತ್ತದೆ. ಅವಳು ಸೇರುವ ಎರಡನೆಯ ಶಾಲೆ ತೊಮೊಯೆ. ಅಲ್ಲಿ ತರಗತಿ ನಡೆಯುವುದು ಹಳೆಯ ರೈಲು ಡಬ್ಬಿಗಳಲ್ಲಿ. ಮೊದಲ ದಿನ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವಳೆದುರು ಕುರ್ಚಿ ಎಳೆದುಕೊಂಡು ಕೂತು, ನಿನಗೆ ಹೇಳಬೇಕೆನಿಸಿದ್ದನ್ನೆಲ್ಲ ಹೇಳು ಎನ್ನುತ್ತಾರೆ. ಅವಳು ಹತ್ತಿ ಬಂದ ರೈಲಿನ ವೇಗ, ಹಿಂದಿನ ಶಾಲೆಯ ಟೀಚರ್, ಮನೆಯ ನಾಯಿ, ಹಾಕಿಕೊಂಡ ಫ್ರಾಕು, ಎಲ್ಲವನ್ನೂ ಹೇಳುತ್ತಾಳೆ. ನಾಲ್ಕು ಗಂಟೆ ಹೊತ್ತು ಅವರು ಆಕಳಿಸದೆ, ಗಡಿಯಾರ ನೋಡದೆ ಕೇಳುತ್ತಾರೆ. ಈ ಅಧ್ಯಾಯವನ್ನು ಮಕ್ಕಳು ಒಂದು ರೀತಿ ಓದುತ್ತಾರೆ, ಗ್ರಂಥಪಾಲಕರು ಇನ್ನೊಂದು ರೀತಿ ಓದುತ್ತಾರೆ. ಪುಸ್ತಕ ಹಿಂತಿರುಗಿಸಲು ಬಂದ ಮಗುವಿನ ಕೈಯಿಂದ ಅದನ್ನು ಇಸಿದುಕೊಂಡು, ವಹಿಯಲ್ಲಿ ಸಹಿ ಹಾಕಿಸಿ ಕಳಿಸುವುದಕ್ಕೂ, ‘ಯಾವ ಭಾಗ ಛಲೋ ಅನಿಸ್ತು?’ ಎಂದು ಕೇಳಿ ಐದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳುವುದಕ್ಕೂ ಅಂತರವಿದೆ. ಮುಂದೆ ಯಾವ ಪುಸ್ತಕ ಕೊಡಬೇಕೆಂಬುದು ಆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. 1945ರ ಬಾಂಬ್ ದಾಳಿಯಲ್ಲಿ ತೊಮೊಯೆ ಸುಟ್ಟುಹೋಗುವ ಕೊನೆಯ ಪುಟಗಳನ್ನು ಓದಿ ಅಳುವ ಮಕ್ಕಳಿದ್ದಾರೆ. ಅಳಲಿ, ಅದಕ್ಕೆ ಹೆದರಿ ಪುಸ್ತಕವನ್ನು ತೆಗೆದಿಡಬಾರದು.

ಇಲ್ಲಿ ಬೆಳಗಾವಿಗೇ ಸಂಬಂಧಿಸಿದ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಮರಾಠಿ ಆಡುವ ಮಗು ಕನ್ನಡ ಕಪಾಟಿಗೆ ಬಂದರೆ ಅದನ್ನು ಎರಡು ಕೈಯಿಂದ ಬರಮಾಡಿಕೊಳ್ಳಬೇಕು. ಹಾಗೆಯೇ ಅದರ ಮನೆಮಾತಿನ ಪುಸ್ತಕಕ್ಕೂ ಜಾಗವಿರಬೇಕು. ಸಾನೆ ಗುರೂಜಿ 1933ರಲ್ಲಿ ನಾಶಿಕದ ಜೈಲಿನಲ್ಲಿ ಬರೆದ ‘ಶ್ಯಾಮಚಿ ಆಯಿ’ ಮರಾಠಿ ಮನೆಗಳಲ್ಲಿ ಅಜ್ಜಿಯರು ಓದಿ ಬೆಳೆದ ಪುಸ್ತಕ. ಮೊಮ್ಮಗ ಅದನ್ನು ಶಾಲೆಯಿಂದ ಒಯ್ದರೆ ಆ ಮನೆಯಲ್ಲಿ ಓದಿನ ಬಗ್ಗೆ ಮಾತು ಹುಟ್ಟುತ್ತದೆ. ಸಣ್ಣ ಮಕ್ಕಳಿಗೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣ ಬಹಳ ಉಪಯುಕ್ತ. ಅಲ್ಲಿ ಒಂದೇ ಚಿತ್ರಕಥೆ ಕನ್ನಡ, ಮರಾಠಿ, ಉರ್ದು, ಇಂಗ್ಲಿಷಿನಲ್ಲಿ ಸಿಗುವುದುಂಟು. ಮುಕ್ತ ಪರವಾನಗಿಯಲ್ಲಿರುವ ಕಾರಣ ಶಾಲೆ ಅದನ್ನು ಪ್ರಿಂಟ್ ತೆಗೆದು ಹೊಲಿದುಕೊಳ್ಳಬಹುದು. ಎರಡು ಭಾಷೆಯ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಇಬ್ಬರು ಗೆಳೆಯರು ಸೇರಿ ಓದುವುದು ಈ ಊರಿನ ಶಾಲೆಯಲ್ಲಿ ಸಾಧ್ಯವಾಗುವಷ್ಟು ಸುಲಭವಾಗಿ ಬೇರೆಲ್ಲಿ ಸಾಧ್ಯ? ಗಡಿಯ ಹೆಸರಿನಲ್ಲಿ ದೊಡ್ಡವರು ಮಾಡುವ ವಾದಗಳು ಗ್ರಂಥಾಲಯದ ಹೊಸ್ತಿಲಾಚೆ ಉಳಿಯಲಿ.

ಇಂಗ್ಲಿಷ್ ಕಪಾಟಿನಲ್ಲಿಯೂ ಕನ್ನಡ ನಾಡಿನ ಪುಸ್ತಕಗಳಿವೆ. ಸುಧಾ ಮೂರ್ತಿ ಅವರಿಗೆ 2023ರಲ್ಲಿ ಇಂಗ್ಲಿಷ್ ವಿಭಾಗದ ಬಾಲ ಸಾಹಿತ್ಯ ಪುರಸ್ಕಾರ ತಂದುಕೊಟ್ಟ ಕಥಾಮಾಲೆಯಲ್ಲಿ ಮಹಾನಗರದ ಮೊಮ್ಮಕ್ಕಳು ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಬರುವುದು ಶಿಗ್ಗಾವಿಯ ಅಜ್ಜ ಅಜ್ಜಿಯ ಮನೆಗೆ. ಇಂಗ್ಲಿಷಿನಲ್ಲಷ್ಟೇ ಓದುವ ಮಗುವನ್ನು ಕನ್ನಡದ ಕಡೆ ತಿರುಗಿಸಲು ಅದೊಂದು ಒಳ್ಳೆಯ ನೆಪ.

ಗಟ್ಟಿಯಾಗಿ ಓದುವುದನ್ನು ಶಾಲೆಗಳು ಮೂರನೆಯ ತರಗತಿಗೇ ನಿಲ್ಲಿಸಿಬಿಡುತ್ತವೆ. ಏಳನೆಯ ತರಗತಿಗೂ ಅದು ಬೇಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬ್ರೌನಿಂಗ್ ಕವಿಯ ಕಥನವನ್ನು ಆಧರಿಸಿದ್ದು. ಆದರೆ ಇಲಿಗಳ ದಂಡು ಅಲ್ಲಿ ಅಪ್ಪಟ ಕನ್ನಡದ ಲಯದಲ್ಲಿ ನುಗ್ಗುತ್ತದೆ. ಒಬ್ಬರು ಓದಿ ಉಳಿದವರು ಇಲಿಗಳಾದರೆ ಗ್ರಂಥಾಲಯದ ಪಿರಿಯಡ್ ಗದ್ದಲದಿಂದ ತುಂಬುತ್ತದೆ. ಪಕ್ಕದ ತರಗತಿಯವರು ಬೇಸರಪಡಬಹುದು, ಪಟ್ಟರೆ ಪಡಲಿ. ಗ್ಯಾದರಿಂಗಿಗೆ ನಾಟಕ ಹುಡುಕುವ ತಿಂಗಳಿನಲ್ಲಿ ವೈದೇಹಿ ಅವರ ‘ನಾಯಿಮರಿ ನಾಟಕ’, ಇದೇ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರ ‘ಆಲಿಬಾಬಾ’ ಮೇಜಿನ ಮೇಲೆ ಬರಬೇಕು. ನಾಟಕದ ಪಾತ್ರಕ್ಕಾಗಿ ಓದಿದ ಮಗು ಹತ್ತು ಸಲ ಓದುತ್ತದೆ.

ಇಷ್ಟೆಲ್ಲ ಆಗಬೇಕಾದರೆ ಕೀಲಿ ತೆರೆಯಬೇಕು. ಪುಸ್ತಕ ಕಳೆದರೆ, ಹರಿದರೆ ತಮ್ಮ ಸಂಬಳದಿಂದ ತುಂಬಬೇಕಾದೀತೆಂಬ ಹೆದರಿಕೆ ಕಪಾಟು ನೋಡಿಕೊಳ್ಳುವ ಶಿಕ್ಷಕರಲ್ಲಿ ಮನೆಮಾಡಿದೆ. ಆ ಹೆದರಿಕೆ ಇರುವವರೆಗೆ ಒಳ್ಳೆಯ ಪುಸ್ತಕಗಳೇ ಮೊದಲು ಬೀಗದೊಳಗೆ ಹೋಗುತ್ತವೆ. ವರ್ಷಕ್ಕೆ ಇಂತಿಷ್ಟು ಪುಸ್ತಕ ಓದಿನಿಂದ ಸವೆದವು ಎಂದು ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿ ಠರಾವು ಬರೆದು ವಜಾ ಮಾಡುವ ರೂಢಿ ಬರಬೇಕು. ಸವೆದ ‘ದಿನಕ್ಕೊಂದು ಕಥೆ’ಯ ಸಂಪುಟ ಶಾಲೆಯ ನಷ್ಟವಲ್ಲ.

ಹಳ್ಳಿಗಳಲ್ಲಿ ಈ ಕೆಲಸ ಕೆಲವು ವರ್ಷಗಳಿಂದ ಬೇರೆ ದಾರಿಯಲ್ಲಿ ನಡೆದಿದೆ. 2020ರ ನವೆಂಬರ್ 14ರಂದು ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಆರಂಭಿಸಿ, ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಶಾಲೆಗಳು ಕೋವಿಡ್‌ನಿಂದ ಮುಚ್ಚಿದ್ದ ಕಾಲದಲ್ಲಿ ಮಕ್ಕಳ ಕೈಗೆ ಪುಸ್ತಕ ಸಿಕ್ಕಿದ್ದು ಹೀಗೆ. ಈಗ ಅರಿವು ಕೇಂದ್ರಗಳೆಂದು ಕರೆಯುವ ಇವು ಖಾನಾಪುರ ತಾಲ್ಲೂಕಿನ ಪಂಚಾಯತಿಗಳಲ್ಲಿಯೂ ಇವೆ. ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿ ಕಡೆ ದಿನಗಟ್ಟಲೆ ಮಳೆ ಹೊಡೆಯುವಾಗ ಮಕ್ಕಳಿಗೆ ಓದಲು ಸಿಗುವಷ್ಟು ಬಿಡುವು ರಾಮತೀರ್ಥ ನಗರದ ಟ್ಯೂಷನ್ ಮಕ್ಕಳಿಗೆ ಇಡೀ ವರ್ಷದಲ್ಲಿ ಸಿಗುವುದಿಲ್ಲ. ಅಲ್ಲಿ ಕಡಿಮೆ ಇರುವುದು ಹೊಸ ಪುಸ್ತಕ.

ಆದ್ದರಿಂದ ಒಂದು ಪ್ರಸ್ತಾಪ. ನಗರದ ಒಂದು ಶಾಲೆ ಖಾನಾಪುರದ ಒಂದು ಗ್ರಾಮ ಪಂಚಾಯತಿ ಗ್ರಂಥಾಲಯದ ಜೊತೆ ಪುಸ್ತಕದ ಪೆಟ್ಟಿಗೆ ವಿನಿಮಯ ಮಾಡಿಕೊಳ್ಳಲಿ. ಮೊದಲ ಪೆಟ್ಟಿಗೆಯಲ್ಲಿ ತೇಜಸ್ವಿಯವರ ನಾಲ್ಕು ಕಾಡಿನ ಪುಸ್ತಕ, ‘ಬಾವಲಿ ಗುಹೆ’, ‘ಸೂರಕ್ಕಿ ಗೇಟ್’, ‘ಓಡಿ ಹೋದ ಹುಡುಗ’, ‘ನೋಟ್ ಬುಕ್’, ‘ತೊತ್ತೋ-ಚಾನ್’, ಅನುಪಮಾ ಅವರ ಎರಡು ಸಂಪುಟ, ‘ಶ್ಯಾಮಚಿ ಆಯಿ’ಯ ಒಂದು ಪ್ರತಿ, ಒಂದು ಕಟ್ಟು ‘ಬಾಲ ವಿಜ್ಞಾನ’ ಇರಲಿ. ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಖಾಲಿ ಹಾಳೆ ಅಂಟಿಸಿ, ಓದಿದ ಮಗು ತನಗನಿಸಿದ್ದನ್ನು ಎರಡು ಸಾಲಿನಲ್ಲಿ ಬರೆದು ಮುಂದಿನವರಿಗೆ ಕಳಿಸಲಿ. ಕನ್ನಡದಲ್ಲಾದರೂ ಸರಿ, ಮರಾಠಿಯಲ್ಲಾದರೂ ಸರಿ. ದಸರಾ ರಜೆ ಮುಗಿದು ಶಾಲೆ ತೆರೆದಾಗ ಮೊದಲ ಪೆಟ್ಟಿಗೆ ಹೊರಟರೆ, ಎರಡೂ ಕಡೆಯ ಮಕ್ಕಳು ಬೇಸಿಗೆ ರಜೆಗೆ ಮೊದಲೇ ಅದರಲ್ಲಿಯ ಬಹುಪಾಲು ಪುಸ್ತಕಗಳನ್ನು ಓದಿರುತ್ತಾರೆ.